ಸರ್ವೆ ನಂಬರಿಗೆ ಸಿಕ್ಕದ ಖಣಿ

ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕಾಶೆಯಲ್ಲಿ ಒಂದು ಸಮೋನ್ನತಿ ರೇಖೆಗೂ ಮುಂದಿನದಕ್ಕೂ 20 ಮೀಟರ್ ಎತ್ತರದ ಅಂತರ. ಊರವರು ಮನೆಗೆ, ಬಾವಿಗೆ, ಗುಡಿಯ ಕಟ್ಟೆಗೆ ಎಂದು ತಲೆಮಾರುಗಟ್ಟಲೆ ಕಲ್ಲೆತ್ತಿದ ಖಣಿಯ ಆಳ ಎರಡಾಳು, ಬಹಳವಾದರೆ ನಾಲ್ಕಾಳು. ಅಂಥದ್ದು ಈ ರೇಖೆಗಳ ನಡುವೆ ಸುಳಿವು ಕೊಡದೆ ಕೂತುಬಿಡುತ್ತದೆ. ಆಕಾಶದಿಂದ ನೋಡಿದರೆ ಸಿಕ್ಕೀತೇ? 2000ದಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು ರಾಡಾರ್ ಹಿಡಿದು ಭೂಮಿಯ ಎತ್ತರ ತಗ್ಗು ಅಳೆಯಿತು. ಆ ಮಾಹಿತಿ ಇಂದು ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ಆದರೆ ಅದರ ಒಂದೊಂದು ಚೌಕ ಸುಮಾರು 30 ಮೀಟರ್ ಅಗಲ. ಇಡೀ ಖಣಿಯೇ ಎರಡು ಮೂರು ಚೌಕಗಳಲ್ಲಿ ಕರಗಿಹೋಗುತ್ತದೆ. ಅದರ ಮೇಲೆ ಜಾಲಿ ಬೆಳೆದಿದ್ದರೆ, ಇಲ್ಲವೆ ಯಾರೋ ಮಣ್ಣು ತುಂಬಿ ಜೋಳ ಬಿತ್ತಿದ್ದರೆ ಮುಗಿಯಿತು.

ಹಳೆಯ ಖಣಿ ಸಿಕ್ಕರೆಷ್ಟು ಬಿಟ್ಟರೆಷ್ಟು ಎಂದು ಕೇಳಬಹುದು. ಎಂಟುನೂರು ವರ್ಷದ ಗುಡಿಯ ಗೋಡೆ ದುರಸ್ತಿ ಮಾಡುವವರಿಗೆ ಅದೇ ಪದರಿನ, ಅದೇ ಬಣ್ಣದ ಕಲ್ಲು ಬೇಕು. ಬೇರೆ ಕಲ್ಲು ಹಾಕಿದರೆ ಮಳೆ ಬಿಸಿಲಿಗೆ ಎರಡೂ ಬೇರೆ ಬೇರೆ ರೀತಿ ಸವೆದು ಬಿರುಕು ಬಿಡುತ್ತವೆ. ನೀರು ತುಂಬಿ ನಿಂತ ಖಣಿಗಳಲ್ಲಿ ಈಜಲು ಹೋದ ಹುಡುಗರ ಸುದ್ದಿ ಪ್ರತಿ ಬೇಸಿಗೆಯಲ್ಲೂ ಪತ್ರಿಕೆಯಲ್ಲಿ ಬರುತ್ತದೆ. ಎಲ್ಲಿವೆ ಎಂದು ಗೊತ್ತಿಲ್ಲದ ಕುಣಿಗೆ ಬೇಲಿ ಹಾಕುವುದಾದರೂ ಹೇಗೆ? ಇವೆರಡನ್ನೂ ಬದಿಗಿಟ್ಟರೂ ನನಗೆ ಇನ್ನೊಂದು ಕಾರಣ ಸಾಕೆನಿಸುತ್ತದೆ. ರಾಜರು ಕಟ್ಟಿಸಿದ್ದಕ್ಕೆ ಶಾಸನಗಳಿವೆ. ಕಲ್ಲು ಎತ್ತಿದವರಿಗೆ ಬಹುಮಟ್ಟಿಗೆ ಉಳಿದಿರುವ ದಾಖಲೆ ಈ ಕುಣಿಗಳೇ.

ಹುಡುಕುವುದಕ್ಕೆ ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯಷ್ಟು ಒಳ್ಳೆಯ ಜಾಗ ಅಪರೂಪ. ಒಂದೇ ದಿನದ ಬಸ್ ಪ್ರಯಾಣದಲ್ಲಿ ಮೂರು ಜಾತಿಯ ಕಲ್ಲು ದಾಟಬಹುದು. ಪಶ್ಚಿಮದಲ್ಲಿ ಹುಕ್ಕೇರಿಯ ಕಡೆ ಹೆಚ್ಚಾಗಿ ಇರುವುದು ದಖ್ಖನ್ ಟ್ರಾಪ್, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಗಟ್ಟಿಯಾದ ಕರಿಕಲ್ಲು. ಗೋಕಾಕದಲ್ಲಿ ಘಟಪ್ರಭಾ ನದಿ ಸುಮಾರು 52 ಮೀಟರ್ ಕೆಳಗೆ ಧುಮುಕುವುದು ಕ್ವಾರ್ಟ್ಸೈಟ್ ಬಂಡೆಯ ಮೇಲಿಂದ. ನೂರು ಕೋಟಿ ವರ್ಷಕ್ಕೂ ಹಿಂದೆ ಕಡಲ ದಂಡೆಯಲ್ಲಿ ಬಿದ್ದ ಮರಳು ಒತ್ತಡಕ್ಕೆ ಸಿಕ್ಕಿ ಉಕ್ಕಿನಂಥ ಕಲ್ಲಾಯಿತು. ಅಲ್ಲಿಂದ ಪೂರ್ವಕ್ಕೆ ಕೌಜಲಗಿ, ಕುಲಗೋಡ ದಾಟಿ ಯಾದವಾಡದತ್ತ ಹೋದರೆ ಸುಣ್ಣಕಲ್ಲು. ಅದೇ ಪುರಾತನ ಕಡಲಿನ ಆಳವಿಲ್ಲದ, ತಿಳಿನೀರಿನ ಭಾಗದಲ್ಲಿ ಪದರು ಪದರಾಗಿ ಇಳಿದು ಕೂತದ್ದು. ಯಾದವಾಡದ ಸಿಮೆಂಟ್ ಕಾರ್ಖಾನೆ ಇಂದು ಅರೆಯುವುದು ಇದನ್ನೇ.

ಮರಳುಕಲ್ಲು, ಜೇಡಿಕಲ್ಲು, ಸುಣ್ಣಕಲ್ಲುಗಳ ಈ ಹಳೆಯ ಪದರುಗಳಿಗೆ ಭೂವಿಜ್ಞಾನದಲ್ಲಿ ಕಲಾದಗಿ ಎಂದೇ ಹೆಸರು. ಇಟ್ಟವನು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಕೈಗೊಡಲಿ ಹೆಕ್ಕಿ ಭಾರತದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದವನೂ ಅವನೇ. 1876ರಲ್ಲಿ ಜಿಯಾಲಾಜಿಕಲ್ ಸರ್ವೆ ಆಫ್ ಇಂಡಿಯಾ ಪ್ರಕಟಿಸಿದ ಅವನ ದಕ್ಷಿಣ ಮರಾಠಾ ಸೀಮೆಯ ವರದಿ ಇಂದಿಗೂ ಈ ಭಾಗದ ಕಲ್ಲಿನ ಮೂಲ ದಾಖಲೆ. ಕಲಾದಗಿ ಆಗ ಜಿಲ್ಲಾ ಕೇಂದ್ರ. ಮುಂದೆ ಆ ಪಟ್ಟ ವಿಜಯಪುರಕ್ಕೆ ಹೋಯಿತು, ಕಲಾದಗಿಗೆ ದಾಳಿಂಬೆಯೂ ಭೂವಿಜ್ಞಾನದ ಹೆಸರೂ ಉಳಿದವು.

ಕಲ್ಲಿನ ಜಾತಿ ಗೊತ್ತಾದರೆ ಹುಡುಕಾಟದ ಅರ್ಧ ಭಾರ ಇಳಿಯುತ್ತದೆ. ಟ್ರಾಪ್ ಕಲ್ಲಿನಿಂದ ಹಾಸುಗಲ್ಲು ಬರದು. ಅದು ತಣ್ಣಗಾಗುವಾಗಲೇ ಅಡ್ಡಾದಿಡ್ಡಿ ಸೀಳು ಬಿಟ್ಟಿರುತ್ತದೆ. ಒರಳಿಗೆ, ಬೀಸುವ ಕಲ್ಲಿಗೆ, ಗೋಡೆಯ ಗುಂಡುಕಲ್ಲಿಗೆ ಸರಿ. ಕ್ವಾರ್ಟ್ಸೈಟ್ ದಪ್ಪ ಹಲಗೆಯಾಗಿ ಬಿಡುತ್ತದೆ, ಆದರೆ ಉಳಿಯ ಬಾಯಿ ಮುರಿಯುತ್ತದೆ. ಗೋಕಾಕ ಜಲಪಾತದ ಸಮೀಪದ ಕೊಣ್ಣೂರಿನ ಬೃಹತ್ ಶಿಲಾಸಮಾಧಿಗಳನ್ನು ಕಟ್ಟಿದವರು ಕಲ್ಲನ್ನು ಕೆತ್ತಲು ಹೋಗದೆ ಹಲಗೆ ಹಲಗೆಯಾಗಿಯೇ ನಿಲ್ಲಿಸಿದ್ದಾರೆ. ನೆಲಕ್ಕೆ ಹಾಸುವ ತೆಳು ಪರ್ಸಿ ಬೇಕೆಂದರೆ ಸುಣ್ಣಕಲ್ಲಿನ ಪದರು, ಇಲ್ಲವೆ ಜೇಡಿಕಲ್ಲು ಒತ್ತಡದಲ್ಲಿ ಸ್ಲೇಟಿನ ಹಾಗೆ ಸೀಳು ಪಡೆದ ಜಾಗವೇ ಆಗಬೇಕು. ಹಾಗಾಗಿ ಭೂವೈಜ್ಞಾನಿಕ ನಕಾಶೆಯ ಮೇಲೆ ಸುಣ್ಣಕಲ್ಲಿನ ಪಟ್ಟಿ ಗುರುತಿಸಿ, ಅದರೊಳಗೆ ಕಪ್ಪು ಎರೆಮಣ್ಣು ತೆಳುವಾಗಿರುವ ಮಡ್ಡಿ, ಹಳ್ಳದ ಕೊರಕಲು, ಊರಿಂದ ಚಕ್ಕಡಿ ಹೋಗಬಲ್ಲ ದೂರ ಎಂದು ಸೋಸುತ್ತ ಬಂದರೆ ನೂರಾರು ಚದರ ಕಿಲೊಮೀಟರ್ ಕಡೆಗೆ ಹತ್ತಿಪ್ಪತ್ತು ತುಣುಕಿಗೆ ಇಳಿಯುತ್ತದೆ. ಕಲ್ಲಿನ ಬೆಲೆಗಿಂತ ಅದನ್ನು ಹೇರುವ ಬೆಲೆ ಹೆಚ್ಚು. ಹೀಗಾಗಿ ಊರಿನ ಖಣಿ ಊರಿಂದ ದೂರ ಇರುವುದು ಕಡಿಮೆ.

ಉಳಿದರ್ಧ ಭಾರ ಹೆಸರುಗಳದ್ದು. ಇಲ್ಲೇ ಎಡವುವವರು ಹೆಚ್ಚು.

ನಕಾಶೆ ಬಿಡಿಸಿದೊಡನೆ ಕಣ್ಣು ‘ಕಲ್’ ಎಂಬ ಅಕ್ಷರ ಹುಡುಕುತ್ತದೆ. ಈ ಸೀಮೆಯಲ್ಲೇ ಕಲ್ಲೋಳಿ ಇದೆ, ಹನುಮಪ್ಪನ ಜಾತ್ರೆಗೆ ಹೆಸರಾದ ಊರು. ಹೆಸರಿನಲ್ಲೇ ಕಲ್ಲಿದೆಯಲ್ಲ ಎಂದು ಖಣಿ ಹುಡುಕಲು ಹೋದವರು ಬರಿಗೈಲಿ ಬರುತ್ತಾರೆ. 13ನೆಯ ಶತಮಾನದ ಆರಂಭದ ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯನ ಕಾಲದ ಶಾಸನ ಇದೇ ಊರಿನಲ್ಲಿದೆ, ಅದನ್ನು ಜೆ.ಎಫ್. ಫ್ಲೀಟ್ ಪ್ರಕಟಿಸಿದ. ಅದರಲ್ಲಿ ಊರಿನ ಹೆಸರು ಕಲ್ಪೊಳೆ; ಪೊಳೆ ಎಂದರೆ ಹೊಳೆ. ಹೊಳೆಯೇ ಕಲ್ಲಿನದು, ಹೆಸರು ಹೇಳುತ್ತಿರುವುದು ಬಂಡೆಯ ಮೇಲೆ ಹರಿಯುವ ನೀರಿನ ಬಗ್ಗೆ. ಊರಿನ ಹೆಸರಿನಲ್ಲಿ ಕಲ್ಲು ಬಂದರೆ ಬಹುಪಾಲು ಅದು ದೂರದಿಂದಲೇ ಕಾಣುವ ಬಂಡೆ, ನಟ್ಟ ಕಲ್ಲು, ವೀರಗಲ್ಲು ಅಥವಾ ಹೀಗೆ ಹೊಳೆಯ ತಳ. ಊರು ಮೊದಲು ಹುಟ್ಟುತ್ತದೆ, ಹೆಸರು ಪಡೆಯುತ್ತದೆ, ಆಮೇಲೆ ಕಲ್ಲು ಬೇಕಾಗಿ ಖಣಿ ತೆಗೆಯುತ್ತದೆ. ಹಿಂದೆ ಹುಟ್ಟಿದ ಹೆಸರು ಮುಂದೆ ಆಗುವ ಖಣಿಯನ್ನು ಹೇಗೆ ಹೇಳೀತು?

ಇಂಗ್ಲಿಷ್ ಅಕ್ಷರದ ನಕಾಶೆಗಳು ಗೊಂದಲಕ್ಕೆ ಇನ್ನಷ್ಟು ಎಣ್ಣೆ ಸುರಿಯುತ್ತವೆ. ಅಲ್ಲಿ ಲ, ಳ ಒಂದೇ. ನ, ಣ ಒಂದೇ. ಹ್ರಸ್ವ ದೀರ್ಘಗಳಿಗೆ ಲೆಕ್ಕವಿಲ್ಲ. ಕಲ್ಲು, ಕಾಲು, ಕಳ್ಳು, ಕಾಳು ನಾಲ್ಕೂ ಒಂದೇ ವೇಷದಲ್ಲಿ ಬಂದು ನಿಲ್ಲುತ್ತವೆ. ಗೋಕಾಕ ತಾಲ್ಲೂಕಿನಲ್ಲೇ ಖನಗಾಂವ ಎಂಬ ಊರಿದೆ. ಮರಾಠಿಯಲ್ಲಿ ಖಾಣ ಎಂದರೆ ಗಣಿ, ಗಾಂವ ಎಂದರೆ ಊರು. ಸಿಕ್ಕಿತು ಎಂದು ಕುಣಿಯುವ ಮುನ್ನ ನೆನಪಿರಲಿ: ಖಣ ಎಂದರೆ ನಮ್ಮ ಕಡೆ ಮನೆಯ ಅಂಕಣವೂ ಹೌದು, ಗುಳೇದಗುಡ್ಡದ ಕುಪ್ಪಸದ ಬಟ್ಟೆಯೂ ಹೌದು. ಸುಣಧೋಳಿಯನ್ನು ಕಂಡಾಗಲೂ ಸುಣ್ಣದ ಬಟ್ಟಿ ಹೊಗೆಯಾಡಿದಂತೆ ಭಾಸವಾಗುತ್ತದೆ. ಹಳೆಯ ಶಾಸನದ ರೂಪ ಕೈಗೆ ಬರುವ ತನಕ ಇಂಥ ಆಸೆಗಳನ್ನು ಕಟ್ಟಿಹಾಕುವುದೇ ಲೇಸು.

ಹಾಗೆಂದು ಹೆಸರುಗಳ ಹಾದಿ ಸುಳ್ಳಲ್ಲ. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1896ರಲ್ಲಿ ಹುಟ್ಟಿದ ಶಂ.ಬಾ. ಜೋಶಿಯವರು ಊರಹೆಸರುಗಳನ್ನೇ ಸಾಕ್ಷಿಯಾಗಿ ಕರೆದು ಕನ್ನಡನಾಡಿನ ಹಳೆಯ ಹರಹನ್ನು ಗುರುತಿಸಲು ಹೊರಟರು. ‘ಎಡೆಗಳು ಹೇಳುವ ಕಂನಾಡ ಕಥೆ’ ಎಂಬ ಅವರ ಪುಸ್ತಕದ ಹೆಸರೇ ಇಡೀ ವಿಧಾನವನ್ನು ಹೇಳುತ್ತದೆ. ಜನಾಂಗದ ಕಥೆಗೆ ಊರಹೆಸರು ಸಾಕು. ಖಣಿಯ ಕಥೆಗೆ ಅದಕ್ಕಿಂತ ಸಣ್ಣ ಎಡೆಗಳು ಬೇಕು: ಹೊಲ, ದಿನ್ನೆ, ಹಳ್ಳದ ತಿರುವು, ಓಣಿ.

ಇದನ್ನು ಚೆನ್ನಾಗಿ ಬಳಸಿಕೊಂಡವರು ಬ್ರಿಟನ್ನಿನ ವೇಲ್ಸ್ ಸೀಮೆಯವರು. ವಾಯವ್ಯ ವೇಲ್ಸಿನ ಸ್ಲೇಟು ಒಂದು ಕಾಲಕ್ಕೆ ಜಗತ್ತಿನ ಮೂಲೆಮೂಲೆಯ ಮಾಡಿಗೆ ಹೊದಿಕೆಯಾಗಿತ್ತು. 2021ರಲ್ಲಿ ಯುನೆಸ್ಕೋ ಆ ಗಣಿ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪೆನ್ರಿನ್‌ನಂಥ ದೊಡ್ಡ ಗಣಿಗಳು ಯಾರಿಗೂ ಕಾಣುತ್ತವೆ. ಗುಡ್ಡದ ಮಗ್ಗುಲಲ್ಲಿ ನಾಲ್ಕು ಜನ ತೋಡಿ ಬಿಟ್ಟುಹೋದ ಸಣ್ಣ ಕುಣಿಗಳನ್ನು ಹುಡುಕುವವರು ನೆಚ್ಚುವುದು ವೆಲ್ಶ್ ಭಾಷೆಯ ಸ್ಥಳನಾಮಗಳನ್ನು. ಖ್ವಾರೆಲ್ ಎಂದರೆ ಖಣಿ, ಕ್ಲೊದ್ವಾ ಎಂದರೆ ತೋಡಿದ ಜಾಗ, ತೊಮೆನ್ ಎಂದರೆ ತ್ಯಾಜ್ಯದ ರಾಶಿ. ಗದ್ದೆಯೊಂದಕ್ಕೆ ಇಂಥ ಹೆಸರಿದ್ದರೆ ಅಲ್ಲಿ ಹುಲ್ಲಿನಡಿ ಸ್ಲೇಟಿನ ಚೂರು ಇರುವ ಸಂಭವ ಹೆಚ್ಚು.

ಅವರಿಗೆ ಗದ್ದೆಯ ಹೆಸರು ಸಿಕ್ಕಿದ್ದು ಎಲ್ಲಿಂದ ಎಂಬುದು ನನಗೆ ಇಡೀ ವಿಷಯದಲ್ಲೇ ಸ್ವಾರಸ್ಯದ ಸಂಗತಿ. 1836ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಚರ್ಚಿಗೆ ಕೊಡಬೇಕಾದ ದಶಾಂಶವನ್ನು ಧಾನ್ಯದ ಬದಲು ಹಣವಾಗಿ ಮಾಡುವ ಕಾನೂನು ಬಂತು. ಅದಕ್ಕೆಂದು ಊರೂರಿನ ನಕಾಶೆ ಬರೆದರು. ಜತೆಗಿಟ್ಟ ಪಟ್ಟಿಯಲ್ಲಿ ಪ್ರತಿ ತುಂಡು ನೆಲಕ್ಕೂ ನಂಬರು, ಒಡೆಯನ ಹೆಸರು, ಸಾಗುವಳಿದಾರನ ಹೆಸರು ಬರೆದರು. ಅದರ ಜತೆಗೇ ಆ ನೆಲದ ಹೆಸರಿಗೂ ಒಂದು ಕಲಂ ಇತ್ತು. ಆ ಕಲಂ ತುಂಬಿದ ಗುಮಾಸ್ತರು ತಮಗರಿವಿಲ್ಲದೆ ಒಂದು ಭಾಷೆಯ ನೆಲದ ನೆನಪನ್ನು ಬರೆದಿಟ್ಟರು. 2016ರ ಕಾನೂನಿನ ಪ್ರಕಾರ ವೇಲ್ಸಿನಲ್ಲಿ ಚಾರಿತ್ರಿಕ ಸ್ಥಳನಾಮಗಳ ಅಧಿಕೃತ ಪಟ್ಟಿಯೇ ತಯಾರಾಗಿ, ಮರುವರ್ಷ ಜನರಿಗೆ ತೆರೆಯಿತು. ಅದರಲ್ಲಿ ಲಕ್ಷಗಟ್ಟಲೆ ಹೆಸರುಗಳಿವೆ.

ಸರಿಸುಮಾರು ಅದೇ ಹೊತ್ತಿಗೆ, 1835ರಲ್ಲಿ, ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಎಂಬ ಅಧಿಕಾರಿಯೂ ವಿಂಗೇಟ್ ಎಂಬ ಎಂಜಿನಿಯರನೂ ಮುಂಬಯಿ ಪ್ರಾಂತ್ಯದ ಭೂಮಾಪನಕ್ಕೆ ಕೈಹಾಕಿದರು. ಶತಮಾನದ ಮಧ್ಯದ ಹೊತ್ತಿಗೆ ಆ ಪದ್ಧತಿ ಬೆಳಗಾವಿ ಸೀಮೆಗೂ ಬಂತು. ಹೊಲದ ಮೂಲೆಗೆ ಬಾಂದಗಲ್ಲು ನೆಟ್ಟರು, ಸರಪಳಿ ಎಳೆದರು, ಮಣ್ಣಿನ ಆಳ ಬಣ್ಣ ನೋಡಿ ಆಣೆಗಳಲ್ಲಿ ಬೆಲೆ ಕಟ್ಟಿದರು, ಪ್ರತಿ ತುಂಡಿಗೂ ಸರ್ವೆ ನಂಬರು ಕೊಟ್ಟರು. ಅಚ್ಚುಕಟ್ಟಾದ ಕೆಲಸ, ಇಂದಿಗೂ ನಮ್ಮ ಜಮೀನಿನ ಜಗಳಗಳೆಲ್ಲ ಅದರ ಮೇಲೇ ನಿಂತಿವೆ. ನಂಬರು ಸಾಕಾದ ಮೇಲೆ ಹೆಸರು ಯಾರಿಗೆ ಬೇಕು? ಹೊಲದ ಹೆಸರು ಊರವರ ಬಾಯಲ್ಲೇ ಉಳಿಯಿತು. ವೇಲ್ಸಿನ ಗದ್ದೆಯ ಹೆಸರು ಕಾಗದಕ್ಕೆ ಹತ್ತಿದ ಕಾಲದಲ್ಲೇ ನಮ್ಮ ಹೊಲದ ಹೆಸರು ಕಾಗದದಿಂದ ಇಳಿಯಿತು.

ಬಾಯಲ್ಲಿ ಉಳಿದದ್ದು ಕಡಿಮೆಯೇನಿಲ್ಲ. ಈ ಭಾಗದ ಯಾವ ಊರಿಗೆ ಹೋಗಿ ಕಟ್ಟೆಯ ಮೇಲೆ ಕೂತವರನ್ನು ಕೇಳಿದರೂ ಹೊಲಗಳನ್ನು ನಂಬರಿನಿಂದ ಹೇಳುವವರು ಕಡಿಮೆ. ಖಣಿ ಹೊಲ, ಗರಸಿನ ಮಡ್ಡಿ, ಹಾಸರಿ ಹೊಲ, ಬಟ್ಟಿ ಹೊಲ, ಮರಡಿ ಪಟ್ಟಿ ಎಂಬ ಬಗೆಯ ಹೆಸರುಗಳು ತಾವಾಗಿ ಬರುತ್ತವೆ. ಇವುಗಳ ಬೆಲೆ ಒಂದೇ ಅಲ್ಲ. ಗರಸು ಎಂದರೆ ರಸ್ತೆಗೆ ಹಾಕುವ ಒಡಕು ಮಣ್ಣು; ಅಲ್ಲಿರುವ ಕುಣಿ ನಿನ್ನೆ ಮೊನ್ನೆಯದಿರಬಹುದು. ಮರಡಿ ಎಂದರೆ ಬರೀ ಕಲ್ಲುದಿಬ್ಬ, ಕೊಣ್ಣೂರಿನ ಮರಡಿಮಠದ ಮರಡಿಯ ಹಾಗೆ. ಅದು ನೆಲದ ಆಕಾರ ಹೇಳುತ್ತದೆ, ಕೆಲಸ ಹೇಳುವುದಿಲ್ಲ. ಹಾಸರೆ ಎಂಬುದು ಶಾಸನಗಳ ಪಾಸರೆ, ನೆಲಕ್ಕೆ ಮಟ್ಟಸವಾಗಿ ಹರಡಿದ ಬಂಡೆ. ದಾನದ ಭೂಮಿಯ ಎಲ್ಲೆ ಹೇಳುವಾಗ ಮೊರಡಿ, ನಟ್ಟ ಕಲ್ಲುಗಳ ಜತೆ ಅದೂ ಬರುತ್ತದೆ. ಎಬ್ಬಿಸಲು ಸುಲಭವಾದ ಕಲ್ಲು ಅಲ್ಲಿರುವುದರಿಂದ ಹಾಸರೆಯ ಅಂಚಿನಲ್ಲಿ ಖಣಿ ಇರುವ ಸಾಧ್ಯತೆ ಹೆಚ್ಚು. ಖಣಿ ಎಂದೇ ಕರೆದಿದ್ದರೆ ಹೇಳುವುದೇನು ಬಂತು.

ಕಾಗದದಲ್ಲೂ ಈ ಹೆಸರುಗಳು ಪೂರಾ ಅಳಿದಿಲ್ಲ. ಮನೆಯ ಟ್ರಂಕಿನಲ್ಲಿರುವ ಹಳೆಯ ಖರೀದಿ ಪತ್ರಗಳಲ್ಲಿ ಚಕ್ಕುಬಂದಿ ಎಂಬ ಭಾಗವಿದೆ: ಪೂರ್ವಕ್ಕೆ ಇಂಥವರ ಹೊಲ, ದಕ್ಷಿಣಕ್ಕೆ ಹಳ್ಳ, ಪಶ್ಚಿಮಕ್ಕೆ ಕಲ್ಲಿನ ಖಣಿ. ಶಾಸನದ ಎಲ್ಲೆಯಿಂದ ಸಬ್ ರಿಜಿಸ್ಟ್ರಾರ್ ಕಚೇರಿಯ ಎಲ್ಲೆಯ ತನಕ ವಾಕ್ಯದ ಧಾಟಿ ಅಷ್ಟೇನೂ ಬದಲಾಗಿಲ್ಲ.

ನೆಲದ ಹೆಸರಿನಷ್ಟೇ ಮುಖ್ಯ ಕೆಲಸಗಾರರ ಹೆಸರು. ವಡ್ಡರ ಓಣಿ, ಸುಣಗಾರ ಓಣಿ, ಕಲ್ಲುಕುಟಿಗರ ಓಣಿ ಇರುವ ಊರಿನ ಸುತ್ತ ಕಲ್ಲಿನ ಕೆಲಸ ಒಂದು ಕಾಲಕ್ಕೆ ಹೊಟ್ಟೆ ತುಂಬುವಷ್ಟು ನಡೆದಿರಲೇಬೇಕು. ಗೋಕಾಕ ತಾಲ್ಲೂಕಿನ ಉಪ್ಪಾರಟ್ಟಿ ಇನ್ನೂ ಜಟಿಲ. ಉಪ್ಪಾರರು ಮೊದಲು ಚವಳು ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದವರು. ಬ್ರಿಟಿಷರ ಉಪ್ಪಿನ ಕಾನೂನು ಆ ಕಸುಬನ್ನು ಹತ್ತಿಕ್ಕಿದ ಮೇಲೆ ಗೌಂಡಿ ಕೆಲಸ, ಸುಣ್ಣ ಸುಡುವುದು ಹೆಚ್ಚಾಯಿತು. ಹಾಗಾಗಿ ಆ ಹೆಸರು ಚವಳು ನೆಲವನ್ನೂ ತೋರಿಸಬಹುದು, ಸುಣ್ಣವನ್ನೂ ತೋರಿಸಬಹುದು. ಸುಣ್ಣಕ್ಕೂ ಖಣಿಯೇ ಬೇಕೆಂದಿಲ್ಲ. ಎರೆಭೂಮಿಯಲ್ಲಿ, ಹಳ್ಳದ ದಂಡೆಯಲ್ಲಿ ಸಿಗುವ ಸುಣ್ಣದ ಹರಳು ಆರಿಸಿ ತಂದು ಸುಟ್ಟರೂ ಆಗುತ್ತಿತ್ತು.

ಕೆಲಸಗಾರರನ್ನು ಹಿಂಬಾಲಿಸುವ ಉಪಾಯ ಫೂಟ್‌ಗೂ ಗೊತ್ತಿತ್ತು. ಗದಗಿನ ಕಪ್ಪತಗುಡ್ಡದ ಸೀಮೆಯ ಚಿನ್ನದ ಬಗ್ಗೆ 1874ರಲ್ಲಿ ಬರೆದ ಲೇಖನಕ್ಕಾಗಿ ಅವನು ಹಳ್ಳಗಳ ಮರಳು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದ ಜಲಗಾರರ ನೆರವು ಪಡೆದ. ಯಾವ ಹಳ್ಳದಲ್ಲಿ ಮರಿಗೆ ಅಲ್ಲಾಡಿಸಿದರೆ ಕೂಲಿ ಗಿಟ್ಟುತ್ತದೆ ಎಂಬ ಅವರ ಅರಿವಿನ ಮುಂದೆ ಭೂವಿಜ್ಞಾನಿಯ ಸುತ್ತಿಗೆ ಎರಡನೆಯದು.

ಹೆಸರು ಕೈಕೊಡುವ ಜಾಗವನ್ನೂ ಹೇಳಬೇಕು. ಪಟ್ಟದಕಲ್ಲಿನ ಗುಡಿಗಳಿಗೆ ಕಲ್ಲು ಹೋದ ಚಾಲುಕ್ಯರ ಕಾಲದ ಖಣಿ ಸಿಕ್ಕಿದೆ. ಅಲ್ಲಿಂದ ಕೆಲವೇ ಕಿಲೊಮೀಟರ್ ದೂರದ ಮರಳುಕಲ್ಲಿನ ಗುಡ್ಡದಲ್ಲಿ ಕೆಲಸಗಾರರು ಬಂಡೆಯ ಮೇಲೆ ತಮ್ಮ ಹೆಸರು ಕೆತ್ತಿದ್ದಾರೆ, ಶಂಖ ಬಿಡಿಸಿದ್ದಾರೆ, ಗುಡಿಯ ಗೆರೆಚಿತ್ರ ಹಾಕಿದ್ದಾರೆ. ಇಷ್ಟೆಲ್ಲ ಇದ್ದೂ ಜನ ಆ ಜಾಗವನ್ನು ಕರೆಯುವುದು ಶಂಕರಲಿಂಗನ ಗುಂಡು ಎಂದು. ಕಲ್ಲಿನ ಕೆಲಸ ನಿಂತು ಸಾವಿರ ವರ್ಷ ಕಳೆಯಿತು, ಖಣಿ ಎಂದು ಕರೆಯುವ ಅಗತ್ಯ ಯಾರಿಗೂ ಉಳಿಯಲಿಲ್ಲ, ದೇವರು ಬಂದು ನೆಲೆಸಿದ. ನನ್ನ ಅಂದಾಜಿನಲ್ಲಿ ಹೊಲದ ಹೆಸರು ಕೊನೆಯ ಇನ್ನೂರು ಮುನ್ನೂರು ವರ್ಷಗಳ ಊರಖಣಿಗಳಿಗೆ ಒಳ್ಳೆಯ ದಾರಿ. ಅದಕ್ಕೂ ಹಿಂದಿನದಕ್ಕೆ ಬಂಡೆಯನ್ನೇ ಕೇಳಬೇಕು.

ಈಗ ಕೌಜಲಗಿಗೆ ಬರೋಣ. ಹೆಸರು ಕೇಳಿದೊಡನೆ ಜನಕ್ಕೆ ನೆನಪಾಗುವುದು ಶ್ರೀಕೃಷ್ಣ ಪಾರಿಜಾತದ ಕೌಜಲಗಿ ನಿಂಗಮ್ಮ. ಕಲ್ಲು ಯಾರಿಗೂ ನೆನಪಾಗದು. ಇಲ್ಲಿಂದ ಕೆಲಸ ಶುರುಮಾಡುವವರಿಗೆ ಮೊದಲ ತೊಡಕು ನಕಾಶೆಯದೇ. 75 ಡಿಗ್ರಿ ರೇಖಾಂಶ ಈ ಸೀಮೆಯನ್ನು ಸೀಳಿಕೊಂಡು ಹೋಗುತ್ತದೆ. ಗೋಕಾಕ ಪಟ್ಟಣ 47ಎಲ್/16 ಹಾಳೆಯಲ್ಲಿ, ರೇಖೆಯ ಆಚೆಯ ಊರುಗಳು 47ಪಿ ಹಾಳೆಗಳಲ್ಲಿ. ಎರಡನ್ನೂ ಅಂಟಿಸಿಕೊಳ್ಳಬೇಕು. ಸರ್ವೆ ಆಫ್ ಇಂಡಿಯಾ ಈ ಹಾಳೆಗಳನ್ನು ಈಗ ಜಾಲತಾಣದಲ್ಲೇ ಕೊಡುತ್ತದೆ. ಅದರ ಮೇಲೆ ಗ್ರಾಮ ನಕಾಶೆ ಬರಬೇಕು. ಇದರ ಅಳತೆ 1:7,920, ಅಂದರೆ ನಕಾಶೆಯ ಒಂದು ಇಂಚಿಗೆ ನೆಲದ ಮೇಲೆ 660 ಅಡಿ. ಸ್ಥಳಾಕೃತಿ ನಕಾಶೆ ನುಂಗಿದ ಖಣಿಗೆ ಇಲ್ಲಿ ಉಸಿರಾಡಲು ಜಾಗವಿದೆ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಿಡಿದು ಹೊಲದಲ್ಲಿ ನಿಂತರೆ ಸರ್ವೆ ನಂಬರು ಮೊಬೈಲಿನಲ್ಲಿ ಮೂಡುತ್ತದೆ. ಹಿರಿಯರು ಹೇಳಿದ ಖಣಿ ಹೊಲ ಯಾವ ನಂಬರು ಎಂಬುದು ಹೀಗೆ ಕೂಡಿಬರುತ್ತದೆ.

ನಂಬರು ಸಿಕ್ಕ ಮೇಲೆ ಅದರ ಪಹಣಿ ಉತಾರ ತೆಗೆಸಿ ನೋಡಿ. ಒಟ್ಟು ವಿಸ್ತೀರ್ಣದ ಕೆಳಗೆ ಖರಾಬು ಎಂಬ ಲೆಕ್ಕ ಇರುತ್ತದೆ, ಉಳಲು ಬಾರದ ನೆಲ. ಸುತ್ತಲಿನ ಹೊಲಗಳೆಲ್ಲ ಕಪ್ಪು ಎರೆಯಾಗಿ ಖರಾಬಿಲ್ಲದೆ ಇದ್ದು, ಈ ಒಂದರಲ್ಲಿ ಮಾತ್ರ ಹತ್ತಾರು ಗುಂಟೆ ಖರಾಬು ಇದ್ದರೆ ಅನುಮಾನಕ್ಕೆ ಬಲ ಬಂತು. ಹೆಸರನ್ನು ಬಿಟ್ಟುಕೊಟ್ಟ ಅದೇ ಮಾಪನ, ಕುಣಿಯನ್ನು ಗುಂಟೆಯಾಗಿ ಅಳೆದು ಜೋಪಾನ ಮಾಡಿದೆ. ಕುಣಿ ಮುಚ್ಚಿಹೋಗಿದ್ದರೆ ಇನ್ನೊಂದು ದಾರಿ ಉಂಟು. 1960ರಿಂದ 1972ರ ತನಕ ಅಮೆರಿಕದ ಕೊರೋನಾ ಎಂಬ ಬೇಹುಗಾರಿಕೆ ಉಪಗ್ರಹಗಳು ತೆಗೆದ ಚಿತ್ರಗಳನ್ನು 1995ರಲ್ಲಿ ಬಹಿರಂಗ ಮಾಡಿದರು. ಅವುಗಳಲ್ಲಿ ಉತ್ತಮವಾದವು ಎರಡು ಮೀಟರಿನಷ್ಟು ಸಣ್ಣದನ್ನೂ ತೋರಿಸುತ್ತವೆ. ಟ್ರ್ಯಾಕ್ಟರು, ಜೆಸಿಬಿ ಬಂದು ನೆಲ ಮಟ್ಟ ಮಾಡುವ ಮೊದಲಿನ ಹಳ್ಳಿಗಳು ಅಲ್ಲಿವೆ.

ಕಡೆಗೆ ಕಾಲ ಮೇಲೆ ನಿಂತು ನೋಡಲೇಬೇಕು. ಕ್ವಾರ್ಟ್ಸೈಟ್, ಮರಳುಕಲ್ಲುಗಳಲ್ಲಿ ಕೆಲಸದ ಗುರುತು ಓದುವುದು ಸುಲಭ. ಬಂಡೆಯ ಅಂಚಿನಲ್ಲಿ ಸಾಲಾಗಿ ಆಯತಾಕಾರದ ತೂತುಗಳಿದ್ದರೆ ಉಳಿಯಿಂದ ತೋಡಿ ಬೆಣೆ ಹೊಡೆದು ಸೀಳಿದ ಹಳೆಯ ಕೆಲಸ. ಕೊಳವೆಯನ್ನು ಉದ್ದಕ್ಕೆ ಸೀಳಿದಂಥ ಅರೆದುಂಡು ಗೀರುಗಳಿದ್ದರೆ ಯಂತ್ರದ ಡ್ರಿಲ್ಲು ಮತ್ತು ಮದ್ದು. ಸುಣ್ಣಕಲ್ಲು ಮಾತ್ರ ಮೋಸಗಾರ. ಪದರು ತಾನೇ ಬಿಡುವುದರಿಂದ ಹಾರೆ ತೂರಿಸಿ ಎಬ್ಬಿಸಿದರೆ ಸಾಕಾಗುತ್ತಿತ್ತು. ಬೆಣೆಯ ಗುರುತೇ ಬೀಳುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗೋಡೆ, ಬದಿಯಲ್ಲಿ ಮುರಿದ ಚಕ್ಕೆಗಳ ರಾಶಿ, ಅಷ್ಟೇ. ನೂರು ವರ್ಷದ್ದೋ ಐದುನೂರು ವರ್ಷದ್ದೋ ಎಂದು ಖಣಿಯೊಳಗೆ ನಿಂತು ಹೇಳಲಾಗದು.

ಅದನ್ನು ಹೇಳುವುದು ಊರೊಳಗಿನ ಕಟ್ಟಡ. ಖಣಿಯ ಗೋಡೆಯಲ್ಲಿ ಪ್ರತಿ ಪದರಿನ ದಪ್ಪವನ್ನು ಮೇಲಿಂದ ಕೆಳಗೆ ಬರೆದುಕೊಳ್ಳಬೇಕು: ಇಷ್ಟು ಸೆಂಟಿಮೀಟರ್ ಬೂದು, ಇಷ್ಟು ಕೆಂಪು ಛಾಯೆ, ನಡುವೆ ಜೇಡಿಯ ಎಳೆ. ಆಮೇಲೆ ಗುಡಿಯ ಹಾಸು, ಮಠದ ಮೆಟ್ಟಿಲು, ಹಳೆ ವಾಡೆಯ ಪಡಸಾಲೆ, ಬಾವಿಯ ಸುತ್ತುಗಟ್ಟೆಯ ಪರ್ಸಿಗಳ ದಪ್ಪವನ್ನೂ ಬಣ್ಣವನ್ನೂ ಅಳೆದು ಎರಡನ್ನೂ ಪಕ್ಕಪಕ್ಕ ಇಡಬೇಕು. ಅನುಮಾನವಿದ್ದರೆ ಉದುರಿದ ಚೂರೊಂದನ್ನು ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದಡಿ ನೋಡಿದರೆ ಹರಳುಗಳ ಜೋಡಣೆ ಹೊಂದುತ್ತದೋ ಇಲ್ಲವೋ ತಿಳಿಯುತ್ತದೆ. ಮೇಲಿನ ಪದರುಗಳು ಮೊದಲು ಖಾಲಿಯಾಗಿರುತ್ತವೆ, ಕೆಳಗಿನವು ಆಮೇಲೆ. ಹಾಗಾಗಿ ಕಾಲ ಗೊತ್ತಿರುವ ಒಂದು ಗುಡಿಯ ಹಾಸು ಮೂರನೆಯ ಪದರಿಗೆ ಹೊಂದಿತೆಂದರೆ, ಅದು ಕಟ್ಟುವ ಹೊತ್ತಿಗೆ ಆ ಜಾಗದಲ್ಲಿ ಮೇಲಿನ ಎರಡು ಪದರು ಆಗಲೇ ಎದ್ದುಹೋಗಿದ್ದವು.